ಕೂತಾಗ ಬೆಟ್ಟ ಕಾಣಬೇಕು

ಸೆಂಡಾಯ್
೬ ಏಪ್ರಿಲ್ ೨೦೨೫

ಚಿ. ನಿಶಾಳಿಗೆ ಭೀಮಣ್ಣನ ಆಶೀರ್ವಾದಗಳು.

ಸಮಸ್ತ ಭೂಮಂಡಲದ ಸ್ನಾನಪ್ರಿಯರಿಗೂ, ವಿಶೇಷವಾಗಿ ಒಸಾಕಾವಾಸಿಯಾದ ನನ್ನ ಒಬ್ಬಳೇ ತಂಗಿಗೂ ಈ ಮೂಲಕ ಘೋಷಿಸುವುದೇನೆಂದರೆ: ಸೆಂಡಾಯ್ ನಗರದ ಉತ್ತರದ ಗುಡ್ಡದ ಮೇಲೆ ವಿರಾಜಮಾನವಾಗಿರುವ ನಮ್ಮ ಮನೆಯ ಬಚ್ಚಲಿಗೆ ಒಂದು ಕಿಟಕಿ ಇಡಲು ತೀರ್ಮಾನವಾಗಿದೆ. ತೀರ್ಮಾನ ಅವಿರೋಧ. ಮನೆಯಲ್ಲಿ ಇರುವವರು ಇಬ್ಬರೇ. ಅದರಲ್ಲಿ ಒಬ್ಬನಿಗೆ ಮತದಾನದ ಹಕ್ಕಿಲ್ಲ.

ನೀನು ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಜಪಾನಿನ ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ.

ಈಗಿರುವ ಬಚ್ಚಲು ನಿನಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಡಬ್ಬಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಊಟದ ಡಬ್ಬಿಯೊಳಗಿನ ಉಪ್ಪಿನಕಾಯಿಯ ಕಷ್ಟ ಅರ್ಥವಾಗುತ್ತದೆ. ಗೋಡೆಯ ಆಚೆ ಪಶ್ಚಿಮಕ್ಕೆ ಇಜುಮಿಗಾತಾಕೆ ಬೆಟ್ಟ ಇಡೀ ದಿನ ನಿಂತಿರುತ್ತದೆ, ಒಳಗಿದ್ದವರಿಗೆ ಅದರ ಸುಳಿವೇ ಇಲ್ಲ. ಗೋಡೆ ಒಡೆದು ದೊಡ್ಡ ಕಿಟಕಿ ಇಡಬೇಕು. ನಕ್ಷೆ ನಿನ್ನದು, ಕೆಲಸ ಇಲ್ಲಿಯ ಬಡಗಿ ಕೊನ್ನೊ-ಸಾನ್ ಅವರದು. ನಿನ್ನ ಅತ್ತಿಗೆ ಪದ್ಮಾ ಹೇಳಿದ್ದು ಒಂದೇ ಮಾತು, ಅದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ: "ಕೂತಾಗ ಬೆಟ್ಟ ಕಾಣಬೇಕು."

ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ. ಅಳತೆ, ಫೋಟೋ ಎಲ್ಲ ನಾನೇ ಕಳಿಸುತ್ತೇನೆ. ಪದ್ಮಾ ಚೆನ್ನಾಗಿದ್ದಾಳೆ. ಖಂಡಿತ ಬರುವ ತೊಂದರೆ ಬೇಡ.

ನಿನ್ನ ಅಣ್ಣ,
ಭೀಮಸೇನ

•

ಒಸಾಕಾ
೧೯ ಏಪ್ರಿಲ್ ೨೦೨೫

ಭೀಮಣ್ಣನಿಗೆ,

ಘೋಷಣೆ ತಲುಪಿತು. ಡಂಗುರದವನಿಗೆ ಟೀ ಕುಡಿಸಿ ಕಳಿಸಿದ್ದೇನೆ.

ಬರುವ ತೊಂದರೆ ಬೇಡ ಎಂದು ಎರಡು ಸಲ ಬರೆದಿದ್ದೀಯ. ಒಂದು ಸಲ ಸಾಕಿತ್ತು. ನಿಮ್ಮ ಮನೆಗೆ ನಾನು ಬರುವುದಿಲ್ಲ, ಯಾಕೆ ಎಂದು ನಿನಗೂ ಗೊತ್ತು. ಮೂರು ವರ್ಷದ ಹಿಂದೆ, ಕನ್ನಡ ಬಳಗದ ಯುಗಾದಿ ಸಂಚಿಕೆಯಲ್ಲಿ ನಿನ್ನ 'ಭೀಮಪ್ರಲಾಪ' ಅಂಕಣ, ಪುಟ ಹದಿನಾಲ್ಕು: "ಏಳು ವರ್ಷ ಆರ್ಕಿಟೆಕ್ಚರ್ ಓದಿದ ನನ್ನ ತಂಗಿ ಈಗ ಸ್ನಾನದ ಮನೆಗಳನ್ನು ಕಟ್ಟುತ್ತಾಳೆ. ನಿಶಾ ಓದಿದ್ದೆಲ್ಲ ಬಚ್ಚಲಿಗೆ ಹೋಯಿತು ಎನ್ನುತ್ತಾಳೆ ನಮ್ಮ ಮನೆಯವಳು." ಟೋಕಿಯೋದಿಂದ ಒಸಾಕಾವರೆಗೆ ಇರುವ ಕನ್ನಡಿಗರೆಲ್ಲ ಅದನ್ನು ಓದಿದರು. ಆ ವರ್ಷ ಗಣೇಶನ ಹಬ್ಬದಲ್ಲಿ ಒಬ್ಬರು ನನ್ನ ಕೈಗೆ ಪ್ರಸಾದ ಕೊಡುತ್ತಾ "ಏನ್ರೀ, ಬಚ್ಚಲು ಹೇಗಿದೆ?" ಎಂದು ಕೇಳಿದರು. ಅತ್ತಿಗೆಯಿಂದ ಆ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ನಾನು ಮೊದಲ ಸಲ ಜಪಾನಿಗೆ ಬಂದಾಗ ಆರು ತಿಂಗಳು ನನಗೆ ಬುತ್ತಿ ಕಟ್ಟಿ ಕಳಿಸಿದವರು ಅವರು.

ಇರಲಿ. ಕಿಟಕಿಯ ಮೇಲೆ ನನಗೆ ಸಿಟ್ಟಿಲ್ಲ. ನಕ್ಷೆ ಇದರೊಂದಿಗೆ ಇದೆ.

ಕಿಟಕಿಯ ಕೆಳ ಅಂಚು ನೆಲದಿಂದ ನಲವತ್ತೈದು ಸೆಂಟಿಮೀಟರ್, ಮೇಲಂಚು ತೊಂಬತ್ತೈದು, ಅಗಲ ಎರಡು ಮೀಟರ್. ತೀರಾ ತಗ್ಗಾಯಿತು ಎಂದು ಗಲಾಟೆ ಮಾಡಬೇಡ. ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತವರ ಕಣ್ಣು ನೆಲದಿಂದ ಎಂಬತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ನೋಡಿದರೆ ಬೆಟ್ಟ ಸರಿಯಾಗಿ ಗಾಜಿನೊಳಗೆ ಬರುತ್ತದೆ. ಅದರ ಮೇಲೆ ಪೂರ್ತಿ ಗೋಡೆ. ಕೂತವರು ಊರನ್ನು ನೋಡಬೇಕು, ನಿಂತವರನ್ನು ಊರು ನೋಡಬಾರದು. ಹದಿನೇಳು ಹೋಟೆಲುಗಳಿಗೆ ಇದೇ ಲೆಕ್ಕ ಹಾಕಿದ್ದೇನೆ, ಒಬ್ಬರೂ ದೂರು ಹೇಳಿಲ್ಲ.

ಒಂದು ಸೆಂಟಿಮೀಟರ್ ಕೂಡ ಬದಲಿಸಬಾರದೆಂದು ಕೊನ್ನೊ-ಸಾನ್‌ಗೆ ಹೇಳು.

ನಿಶಾ

•

ಸೆಂಡಾಯ್
೭ ಸೆಪ್ಟೆಂಬರ್ ೨೦೨೫

ಅಖಿಲ ಜಪಾನ್ ಬಚ್ಚಲು ವಿಶಾರದೆ, ಸಪ್ತದಶ ಹೋಟೆಲ್ ಸ್ನಾನಗೃಹ ನಿರ್ಮಾತ್ರಿ ನಿಶಾ ಅವರ ದಿವ್ಯ ಸನ್ನಿಧಿಗೆ,

ಕಿಟಕಿ ಬಂದಿದೆ. ಎರಡು ಮೀಟರ್ ಅಗಲ ಬಂದಿದೆ. ಎರಡು ಪದರದ ಗಾಜು ಬಂದಿದೆ. ಬೆಟ್ಟ ಒಂದು ಬಂದಿಲ್ಲ.

ನಿನ್ನೆ ಮಧ್ಯಾಹ್ನ ಉದ್ಘಾಟನೆ. ಪದ್ಮಾ ಒಳಗೆ ಹೋಗಿ ತನ್ನ ಕುರ್ಚಿಯ ಮೇಲೆ ಕೂತಳು. ನಾನು ಬಾಗಿಲ ಹೊರಗೆ, ರಿಬ್ಬನ್ ಕತ್ತರಿಸಿದ ಮಂತ್ರಿಯ ಗತ್ತಿನಲ್ಲಿ ನಿಂತು, "ಏನು ಕಾಣ್ತಿದೆ?" ಎಂದೆ.

"ಬದನೆಕಾಯಿ."

"ಏನು?"

"ಪಕ್ಕದ ಮನೆಯವರ ಬದನೆಕಾಯಿ. ಹನ್ನೊಂದಿದೆ. ಆಮೇಲೆ ಅವರ ಏಸಿ ಡಬ್ಬ."

ಐದು ತಿಂಗಳು! ಎರಡು ವಾರ ಮನೆಯೆಲ್ಲ ಧೂಳು! ಅಷ್ಟೂ ದಿನ ನಾವು ಪಬ್ಲಿಕ್ ಸ್ನಾನದ ಮನೆಗೆ ಟ್ಯಾಕ್ಸಿಯಲ್ಲಿ ಹೋಗಿ ಬಂದದ್ದು ಪಕ್ಕದ ಮನೆಯ ಬದನೆಕಾಯಿ ದರ್ಶನಕ್ಕೆ! ಬದನೆಕಾಯಿ ನೋಡುವುದಕ್ಕೆ ನನಗೆ ಆರ್ಕಿಟೆಕ್ಟ್ ಬೇಕಾಗಿರಲಿಲ್ಲ, ಬುಟ್ಟಿ ಸಾಕಾಗಿತ್ತು.

ಕೊನ್ನೊ-ಸಾನ್ ಅವರನ್ನು ದೂರುವಂತಿಲ್ಲ. ಅವರು ಗೋಡೆಗೆ ಗರಗಸ ಹಾಕುವ ಮುಂಚೆ ಒಂದು ಸಲ ನಿನ್ನ ನಕ್ಷೆ ನೋಡಿ, ಒಂದು ಸಲ ಕುರ್ಚಿ ನೋಡಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದು "ಚೊತ್ತೊ..." ಎಂದರು. ಚೊತ್ತೊ ಅಂದರೆ ಸ್ವಲ್ಪ. ಸ್ವಲ್ಪ ಹೆಚ್ಚುಕಮ್ಮಿ ತಾನೇ, ಪರವಾಗಿಲ್ಲ ಎಂದು ನಾನು ಹೂಂ ಅಂದೆ. ನನ್ನ ತಂಗಿ ಒಂದು ಸೆಂಟಿಮೀಟರ್ ಬದಲಿಸಬೇಡಿ ಎಂದಿದ್ದಾಳೆ ಎಂದು ಹೆಮ್ಮೆಯಿಂದ ಬೇರೆ ಹೇಳಿದೆ.

ಪದ್ಮಾ ಸ್ನಾನ ಮಾಡದೆ ಹೊರಗೆ ಬಂದಳು. ಬಯ್ಯಲಿಲ್ಲ. "ನಾಳೆ ಮಾಡ್ತೀನಿ" ಎಂದಳು ಅಷ್ಟೆ. ಬೈದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಉರಿಯುತ್ತಿರುವ,
ಭೀಮಸೇನ

•

ಒಸಾಕಾ
೧೨ ಸೆಪ್ಟೆಂಬರ್ ೨೦೨೫

ಯಾವ ಕುರ್ಚಿ?

ನಕ್ಷೆಯಲ್ಲಿ ಕುರ್ಚಿ ಇಲ್ಲ. ನೀನು ಕಳಿಸಿದ ನಲವತ್ತು ಫೋಟೋಗಳಲ್ಲಿ ಕುರ್ಚಿ ಇಲ್ಲ. ಜಪಾನಿನಲ್ಲಿ 'ಕೂತು ಬೆಟ್ಟ ನೋಡುವುದು' ಅಂದರೆ ಟಬ್ಬಿನಲ್ಲಿ ಕೂರುವುದು. ಇಲ್ಲಿ ಮಗುವಿಗೂ ಗೊತ್ತು. ಅತ್ತಿಗೆ ಯಾಕೆ ಕುರ್ಚಿಯಲ್ಲಿ ಕೂತರು? ಟಬ್ಬಿಗೆ ಯಾಕೆ ಇಳಿಯಲಿಲ್ಲ? ಪಬ್ಲಿಕ್ ಸ್ನಾನದ ಮನೆಗೆ ಟ್ಯಾಕ್ಸಿ ಯಾಕೆ, ನಿಮ್ಮ ಮನೆಯಿಂದ ಅದು ಹತ್ತು ನಿಮಿಷದ ನಡಿಗೆ ಅಲ್ಲವಾ?

ಇನ್ನು ಚೊತ್ತೊ. ಇಪ್ಪತ್ತೆರಡು ವರ್ಷ ಈ ದೇಶದ ಅನ್ನ ತಿಂದವನೇ, ಇಲ್ಲಿಯ ಬಡಗಿ ಉಸಿರೆಳೆದು 'ಚೊತ್ತೊ' ಎಂದರೆ ಅದು ಸ್ವಲ್ಪ ಅಲ್ಲ. 'ಈ ಕೆಲಸ ತಪ್ಪು, ದಯವಿಟ್ಟು ನಿಲ್ಲಿಸಿ, ನನ್ನ ಬಾಯಿಂದ ಹೇಳಿಸಬೇಡಿ' ಎಂದು. ಲೋಹದೊಳಗಿನ ಕೂದಲೆಳೆ ಬಿರುಕು ಹುಡುಕಿ ಯೂನಿವರ್ಸಿಟಿಯಲ್ಲಿ ಹೆಸರು ಮಾಡಿದವನಿಗೆ ಮನುಷ್ಯನ ಮಾತಿನಲ್ಲಿ ಇಷ್ಟಗಲ ಬಿರುಕು ಬಿಟ್ಟಿದ್ದು ಕಾಣಲಿಲ್ಲ!

ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ನೀನು ಕೊಟ್ಟ ವಿವರದಲ್ಲಿ ತಪ್ಪಿದೆ. ಉತ್ತರದಲ್ಲಿ ತಮಾಷೆ ಬೇಡ.

ನಿಶಾ

•

ಸೆಂಡಾಯ್
೨೧ ಸೆಪ್ಟೆಂಬರ್ ೨೦೨೫

ಚಿ. ನಿಶಾಳಿಗೆ,

ಫೆಬ್ರವರಿಯಲ್ಲಿ ಒಂದು ಸಣ್ಣ ಐತಿಹಾಸಿಕ ಘಟನೆ ನಡೆಯಿತು. ನಮ್ಮ ಬೀದಿಯ ಕೊಂಬಿನಿ ಅಂಗಡಿಯ ಮುಂದೆ, ಕೈಯಲ್ಲಿ ಹಾಲಿನ ಡಬ್ಬ ಹಿಡಿದು ಬರುತ್ತಿದ್ದ ಪದ್ಮಾ ಮಂಜುಗಡ್ಡೆಯ ಮೇಲೆ ಜಾರಿದಳು. ಹಾಲಿನ ಡಬ್ಬಕ್ಕೆ ಏನೂ ಆಗಲಿಲ್ಲ. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಈಗ ಕೋಲು ಹಿಡಿದು ನಡೆಯುತ್ತಾಳೆ. ತಗ್ಗಾದ ಕಡೆ ಕೂರಬಾರದು, ಟಬ್ಬಿನ ಅಂಚು ದಾಟಬಾರದು ಎಂದು ಡಾಕ್ಟರ ಆಜ್ಞೆ. ಸ್ನಾನಕ್ಕೆ ಎತ್ತರದ ಕುರ್ಚಿ. ಅದು ಫೋಟೋದಲ್ಲಿ ಬರಬಾರದೆಂದು ಪ್ರತಿ ಸಲವೂ ನಾನು ಅದನ್ನು ಹೊರಗಿಟ್ಟು ತೆಗೆದೆ.

ವಾರಕ್ಕೆ ಎರಡು ಸಲ ಒಬ್ಬ ಹೆಂಗಸು ಬಂದು ಸ್ನಾನ ಮಾಡಿಸುತ್ತಾರೆ. ತುಂಬ ಒಳ್ಳೆಯವರು. ಮಿಕ್ಕ ದಿನ ನಾನು ಬಾಗಿಲ ಹೊರಗೆ ಇರುತ್ತೇನೆ, ಬೇಸರವಾಗಬಾರದೆಂದು ಒಂದೊಂದು ಜೋಕ್ ಹೇಳುತ್ತಿರುತ್ತೇನೆ.

ನಿನಗೆ ಯಾಕೆ ಸುಮ್ಮನೆ ಚಿಂತೆ ಎಂದು ತಿಳಿಸಲಿಲ್ಲ.

ಭೀಮಣ್ಣ

•

ಒಸಾಕಾ
೨೮ ಸೆಪ್ಟೆಂಬರ್ ೨೦೨೫

ಭೀಮಣ್ಣ,

ಏಳು ತಿಂಗಳು. ಚಿಂತೆಯಂತೆ!

ಅತ್ತಿಗೆ ನನ್ನನ್ನು ಬಚ್ಚಲಿಗೆ ಹೋದವಳು ಎಂದುಕೊಂಡಿರಬಹುದು. ಆದರೂ ಅವರ ಸೊಂಟ ಮುರಿದಿದೆ ಎಂದು ನೀನು ಒಂದು ಸಾಲು ಬರೆದಿದ್ದರೆ ಅವತ್ತೇ ರೈಲು ಹತ್ತುತ್ತಿದ್ದೆ. ಜಗಳ ಬೇರೆ, ಸೊಂಟ ಬೇರೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ಹಾಗಾದರೆ ನೀನು ಬೇಕೆಂದೇ ನನ್ನನ್ನು ದೂರ ಇಟ್ಟೆ. ಅದಕ್ಕೇ ಕುರ್ಚಿ ಬಚ್ಚಿಟ್ಟೆ. ಬರುವ ತೊಂದರೆ ಬೇಡ ಎಂದು ಎರಡೆರಡು ಸಲ ಬರೆದೆ. ನಾನು ಒಂದೇ ಒಂದು ಸಲ ಬಂದಿದ್ದರೆ ಕುರ್ಚಿ ಕಾಣುತ್ತಿತ್ತು, ಕಿಟಕಿ ಸರಿಯಾಗುತ್ತಿತ್ತು.

ಯಾಕೆ?

ನೀನು ಹೇಳುವುದಿಲ್ಲ ಎಂದು ಗೊತ್ತು. ಅಕ್ಟೋಬರ್ ಹದಿನೆಂಟು, ಶನಿವಾರ ಬರುತ್ತಿದ್ದೇನೆ. ಅತ್ತಿಗೆಯನ್ನೇ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ. ಆ ಬಚ್ಚಲಿನ ಮಾತನ್ನೂ ಕೇಳುತ್ತೇನೆ.

ನಿಶಾ

•

ಸೆಂಡಾಯ್
೪ ಅಕ್ಟೋಬರ್ ೨೦೨೫

ನಿಶಾ,

ನೀನು ಹೊರಡುವ ಮುಂಚೆ ಈ ಕಾಗದ ನಿನಗೆ ತಲುಪಬೇಕು ಎಂದು ಪೋಸ್ಟ್ ಆಫೀಸಿಗೆ ಹೋಗಿ ಎಕ್ಸ್‌ಪ್ರೆಸ್ ಮಾಡುತ್ತಿದ್ದೇನೆ.

ಹಾಸ್ಯ ಬರೆಯುವವರ ಕುಲಕ್ಕೆ ಒಂದು ಹಳೆಯ ಕಸುಬಿದೆ. ತನ್ನ ಬಾಯಿಂದ ಬಂದರೆ ಏಟು ಬೀಳುವ ಮಾತನ್ನು ಹೆಂಡತಿಯ ಬಾಯಿಗೆ ಇಡುವುದು. 'ನಮ್ಮ ಮನೆಯವಳು ಎನ್ನುತ್ತಾಳೆ' ಎಂದು ಬರೆದರೆ ಓದುಗ ನಗುತ್ತಾನೆ, ಬರೆದವನು ಪಾಪದ ಪ್ರಾಣಿಯಾಗುತ್ತಾನೆ. ಹದಿಮೂರು ವರ್ಷದ ಭೀಮಪ್ರಲಾಪದಲ್ಲಿ ಪದ್ಮಾ ಆಡಿದ ಮಾತು ಎಂದು ನಾನು ಬರೆದದ್ದರಲ್ಲಿ ಅವಳು ನಿಜವಾಗಿ ಆಡಿದ್ದು ನಾಲ್ಕೋ ಐದೋ.

ಆ ಬಚ್ಚಲಿನ ಮಾತು ಅವುಗಳಲ್ಲಿ ಒಂದಲ್ಲ. ಅದು ನನ್ನದು. ಓದು ಬಚ್ಚಲಿಗೆ ಹೋಯಿತು, ಬಚ್ಚಲಿಗೇ ಹೋಯಿತು ಎಂದು ಪದ ಕೂಡಿ ಬಂದಾಗ ಎಷ್ಟು ಖುಷಿಯಾಯಿತೆಂದರೆ, ಅದು ಯಾರ ಮೇಲೆ ಬೀಳುತ್ತದೆ ಎಂದು ನೋಡಲಿಲ್ಲ. ನೀನು ಸಿಟ್ಟಾದಾಗ ಪದ್ಮಾ "ನಿಜ ಹೇಳಿ ಅವಳಿಗೆ" ಎಂದಳು. ಹೇಳಿದೆ ಎಂದೆ. ಹೇಳಿರಲಿಲ್ಲ. ಆಮೇಲೆ ನೀನು ಬಂದರೆ, ನೀವಿಬ್ಬರೂ ಹತ್ತು ನಿಮಿಷ ಒಂದು ಕೋಣೆಯಲ್ಲಿ ಕೂತರೆ, ಇದು ಹೊರಗೆ ಬೀಳುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಬರಬೇಡ, ಬರಬೇಡ.

ಸೊಂಟದ ವಿಷಯ ನಿನಗೆ ಬರೆದಿದ್ದೇನೆ ಎಂದೂ ಅವಳಿಗೆ ಹೇಳಿದ್ದೆ. ನೀನು ಒಂದು ಫೋನು ಕೂಡ ಮಾಡಲಿಲ್ಲ ಎಂದು ಅವಳು ಅಂದುಕೊಂಡಿದ್ದಾಳೆ.

ಇಲ್ಲಿ ನಗುವುದಕ್ಕೆ ಏನೂ ಸಿಗುತ್ತಿಲ್ಲ. ಹುಡುಕಿದೆ.

ಭೀಮಸೇನ

•

ಒಸಾಕಾ
೯ ಅಕ್ಟೋಬರ್ ೨೦೨೫

ಅತ್ತಿಗೆ,

ನಮಸ್ಕಾರ. ಇದು ನಿಮಗೆ ಬರೆದದ್ದು, ಅವನಿಗಲ್ಲ. ಲಕೋಟೆ ಒಡೆದು ಬಂದಿದ್ದರೆ ತಿಳಿಸಿ.

ಅಣ್ಣನ ಕಾಗದದ ಪ್ರತಿ ಇದರೊಳಗೆ ಇಟ್ಟಿದ್ದೇನೆ. ಓದಿ. ನನಗೆ ನಿಮ್ಮ ಸೊಂಟದ ವಿಷಯ ಗೊತ್ತಾಗಿದ್ದು ಹದಿನೈದು ದಿನದ ಹಿಂದೆ. ಆ ಬಚ್ಚಲಿನ ಮಾತು ನಿಮ್ಮದಲ್ಲ ಎಂದು ಗೊತ್ತಾಗಿದ್ದು ಮೊನ್ನೆ. ಆಫೀಸಿನಲ್ಲಿ ಓದಿ, ಎದ್ದು ಹೋಗಿ, ಮಾದರಿಗೆ ಇಟ್ಟಿರುವ ಬಚ್ಚಲಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತಿದ್ದೆ. ಅದರ ಕಿಟಕಿಗೆ ಬೆಟ್ಟದ ಫೋಟೋ ಅಂಟಿಸಿದ್ದಾರೆ. ಅದರ ಮೇಲೂ ಸಿಟ್ಟು ಬಂತು.

ನಾನು ನಿಮ್ಮನ್ನೇ ಕೇಳಬೇಕಾಗಿತ್ತು, ಮೂರು ವರ್ಷದ ಹಿಂದೆಯೂ, ಏಪ್ರಿಲಿನಲ್ಲೂ. ಹೋಟೆಲಿನವರಾದರೆ ಯಾರು ಕೂರುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಮೂರು ಪುಟ ಪ್ರಶ್ನೆ ಕಳಿಸುತ್ತೇನೆ. ನಿಮಗೆ ಒಂದು ಸಾಲೂ ಕಳಿಸಲಿಲ್ಲ.

ದಯವಿಟ್ಟು ಕುರ್ಚಿಯಲ್ಲಿ ಕೂತು, ನೆಲದಿಂದ ನಿಮ್ಮ ಕಣ್ಣಿನವರೆಗೆ ಎಷ್ಟಿದೆ ಎಂದು ಅಳೆಸಿ ಬರೆಯಿರಿ. ಅಣ್ಣನ ಕೈಲಿ ಅಳೆಸಬೇಡಿ.

ನಿಮ್ಮ,
ನಿಶಾ

•

ಸೆಂಡಾಯ್
೧೩ ಅಕ್ಟೋಬರ್ ೨೦೨೫

ಚಿ. ಸೌ. ನಿಶಾಗೆ ಪದ್ಮಾ ಮಾಡುವ ಆಶೀರ್ವಾದ.

ನೂರಾ ಹದಿನಾಲ್ಕು ಸೆಂಟಿಮೀಟರ್. ಟೇಪು ಹಿಡಿದಿದ್ದು ಕೊನ್ನೊ-ಸಾನ್ ಹೆಂಡತಿ. ಮೂರು ಸಲ ಅಳೆದೆವು.

ನಿಮ್ಮಣ್ಣನ ಮೇಲೆ ನನಗಿರುವ ಸಿಟ್ಟು ನಾನು ನೋಡಿಕೊಳ್ತೀನಿ, ಅದರಲ್ಲಿ ನಿನಗೆ ಪಾಲು ಬೇಡ. ನಿನ್ನ ಕಾಗದ ಬಂದಾಗಿನಿಂದ ಅನ್ನ, ಸಾರು ಅವರೇ ಮಾಡ್ತಿದ್ದಾರೆ. ಸಾರಿಗೆ ಉಪ್ಪಿಲ್ಲ ಅಂತ ನಾನು ಹೇಳಿಲ್ಲ. ನನ್ನ ಹೆಸರಲ್ಲಿ ಅಷ್ಟೆಲ್ಲ ಮಾತಾಡಿದವರು, ಇದನ್ನೂ ಅವರೇ ಹೇಳಿಕೊಳ್ಳಲಿ.

ನಿನ್ನ ಮೇಲೂ ಸಿಟ್ಟಿದೆ, ಅದನ್ನೂ ಬರೆದುಬಿಡ್ತೀನಿ. ನೀನು ನನ್ನ ಜೊತೆ ಇದ್ದವಳು. ಮೊದಲನೇ ಬಚ್ಚಲಿನ ನಕ್ಷೆ ನಮ್ಮ ಊಟದ ಮೇಜಿನ ಮೇಲೆ ಬರೆದೆ, ನಾನು ಪಕ್ಕದಲ್ಲಿ ಕೂತು ರಬ್ಬರ್ ಪುಡಿ ಊದುತ್ತಿದ್ದೆ. ಅದು ನನ್ನ ಮಾತಲ್ಲ ಅಂತ ಯಾರೂ ಹೇಳದೇನೇ ನಿನಗೆ ಗೊತ್ತಾಗಬೇಕಿತ್ತು. ನೀನು ನಂಬಿದೆ. ಒಂದು ಜೋಕು ನಂಬಿದೆ.

ಇನ್ನು ಕಿಟಕಿ ಯಾಕೆ ಬೇಕು ಅಂತ. ಎಂಟು ತಿಂಗಳಿಂದ ನನ್ನ ಮೈ ಇನ್ನೊಬ್ಬರ ಕೆಲಸ ಆಗಿದೆ. ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಆ ಹೆಂಗಸು, ಬಾಗಿಲ ಹೊರಗೆ ನಿಮ್ಮಣ್ಣ. ಎರಡು ನಿಮಿಷಕ್ಕೊಂದು ಸಲ "ಪದ್ಮಾ, ಇದ್ದೀಯಾ?" ಅಂತಾರೆ. ನಾನು ಒಬ್ಬಳೇ ಸ್ನಾನ ಮಾಡಬೇಕು. ಯಾರಾದರೂ ಜೊತೆಗಿರಲೇಬೇಕು ಅಂದರೆ ಬೆಟ್ಟ ಇರಲಿ. ಅದು ಏನೂ ಕೇಳಲ್ಲ.

ಶನಿವಾರ ಬಾ. ಬರುವಾಗ ಹೊಟ್ಟೆ ಖಾಲಿ ಇಟ್ಟುಕೊಂಡು ಬಾ, ಅವತ್ತು ಅಡುಗೆ ನಾನೇ ಮಾಡ್ತೀನಿ.

ನಿನ್ನ,
ಪದ್ಮತ್ತಿಗೆ

•

ಸೆಂಡಾಯ್
೩೦ ನವೆಂಬರ್ ೨೦೨೫

ಚಿ. ನಿಶಾಳಿಗೆ,

ನೀನು ಇನ್ನೂ ನನ್ನನ್ನು ಅನ್‌ಬ್ಲಾಕ್ ಮಾಡಿಲ್ಲವಾದ್ದರಿಂದ ಮತ್ತೆ ಕಾಗದ. ಅಂಚೆ ಇಲಾಖೆ ನಿನಗೆ ಋಣಿ.

ಅಕ್ಟೋಬರಿನಲ್ಲಿ ನೀನು ಬಂದಾಗ ನನ್ನ ಜೊತೆ ಆಡಿದ್ದು ಎರಡೇ ಮಾತು: "ಪಕ್ಕಕ್ಕೆ ಸರಿ" ಮತ್ತು "ಕಾಫಿ ಬೇಡ". ಆಮೇಲೆ ನೀವಿಬ್ಬರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಮೊದಲು ಇಬ್ಬರ ದನಿಯೂ ಏರಿತು. ಅರ್ಧ ಗಂಟೆಯ ನಂತರ ನಗು ಕೇಳಿಸಿತು. ಯಾರ ಬಗ್ಗೆ ಎಂದು ನಾನು ವಿಚಾರಿಸಲಿಲ್ಲ. ಹೊರಗೆ ನಾನು, ಕೊನ್ನೊ-ಸಾನ್ ಚಹಾ ಕುಡಿಯುತ್ತಾ ಗೋಡೆ ನೋಡಿದೆವು. "ಈಗ ಹೇಗಿದೆ?" ಎಂದು ಕೇಳಿದೆ. ಅವರು ನನ್ನನ್ನೇ ನೋಡಿ "ಚೊತ್ತೊ..." ಎಂದರು. ಈ ಸಲ ಅರ್ಥವಾಯಿತು.

ಪದ್ಮಾಳ ಮೂಲಕ ಬಂದ ನಿನ್ನ ಆಜ್ಞೆಯಂತೆ ಬಳಗದ ರಾಜ್ಯೋತ್ಸವ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಅಚ್ಚಾಗಿದೆ: 'ಬಚ್ಚಲಿನ ಮಾತು ನನ್ನ ಹೆಂಡತಿಯದಲ್ಲ, ನನ್ನದು. ಅದು ಸುಳ್ಳು, ಮತ್ತು ಕೆಟ್ಟದ್ದು.' ಇಷ್ಟೇ. ಒಂದು ಉಪಮೆಯೂ ಇಲ್ಲ. ಕಾವಾಸಾಕಿಯಿಂದ ನಮ್ಮ ಬಳಗದ ಇಂಜಿನಿಯರ್ ದಿನೇಶ ಫೋನ್ ಮಾಡಿ, "ಸಾರ್, ಈ ಸಲದ್ದು ಸೂಪರ್! ಮನೆಯವರು ಹಿಂದೆ ನಿಂತು ಬರೆಸಿದ್ರಾ?" ಎಂದು ಬಿದ್ದು ಬಿದ್ದು ನಕ್ಕ. ಇನ್ನೂ ಆರು ಜನ ನಕ್ಕರು. ಹದಿಮೂರು ವರ್ಷದಲ್ಲಿ ಮೊದಲ ಸಲ ನಿಜ ಬರೆದೆ, ಅದನ್ನೇ ಅತ್ಯುತ್ತಮ ಹಾಸ್ಯ ಎನ್ನುತ್ತಿದ್ದಾರೆ. ನೀನು ಕೊಟ್ಟ ಶಿಕ್ಷೆ ಸಾಲದು ಎಂದು ಎಲ್ಲರೂ ಸೇರಿ ಭರ್ತಿ ಮಾಡಿದರು.

ಹೊಸ ಕಿಟಕಿ ನಿನ್ನೆ ಮುಗಿಯಿತು. ಮೇಲಂಚು ನೂರಾ ನಲವತ್ತಕ್ಕೆ ಏರಿದೆ. ಹೊರಗಡೆ ನೀನು ಹೇಳಿದ ಓರೆ ಮರದ ಪಟ್ಟಿಗಳು ಕೂತಿವೆ. ನಾನು ಕೆಳಗಿನ ರಸ್ತೆಗೆ ಹೋಗಿ ಕತ್ತು ಎತ್ತಿ ಎತ್ತಿ ಪರೀಕ್ಷಿಸಿದೆ, ಪಟ್ಟಿ ಬಿಟ್ಟರೆ ಏನೂ ಕಾಣಲಿಲ್ಲ. ಒಬ್ಬ ಅಜ್ಜಿ ನನ್ನನ್ನು ಸಂಶಯದಿಂದ ನೋಡಿದರು. ಸುಮಿಮಾಸೆನ್, ಇದು ನಮ್ಮದೇ ಬಚ್ಚಲು ಎಂದು ಕ್ಷಮೆ ಕೇಳಿದೆ. ಅವರ ಸಂಶಯ ಹೆಚ್ಚಾಯಿತು.

ಇವತ್ತು ಬೆಳಿಗ್ಗೆ ಬೆಟ್ಟದ ತಲೆಯ ಮೇಲೆ ಹಿಮ ಕೂತಿತ್ತು. ಪದ್ಮಾ ಕೋಲು ಊರಿಕೊಂಡು ಒಬ್ಬಳೇ ಒಳಗೆ ಹೋದಳು. "ಹಾಲ್‌ನಲ್ಲೇ ಕೂತಿರಿ. ಬಾಗಿಲ ಹತ್ತಿರ ಬರಬೇಡಿ" ಎಂದಳು. ಕೂತೆ. ನಲವತ್ತು ನಿಮಿಷ. ಒಂದು ಸಲವೂ ಕರೆಯಲಿಲ್ಲ, ಒಂದು ಜೋಕೂ ಹೇಳಲಿಲ್ಲ. ನನ್ನ ಜೀವನದ ಅತಿ ಉದ್ದದ ಮೌನ ಅದು, ನಂಬು. ನೀರು ಬೀಳುವ ಸದ್ದು, ನಿಲ್ಲುವ ಸದ್ದು, ಮತ್ತೆ ಬೀಳುವ ಸದ್ದು.

ಬಿಸಿನೀರಿಗೆ ಕೆಂಪಾದ ಮುಖದಲ್ಲಿ ಹೊರಗೆ ಬಂದಳು. ತಡೆಯಲಾಗಲಿಲ್ಲ, ಕೇಳಿಬಿಟ್ಟೆ: "ಕಂಡಿತಾ?"

"ಕಂಡಿತು."

"ಹೇಗಿತ್ತು?"

"ಹೇಳಲ್ಲ. ಹೇಳಿದರೆ ಬರೀತೀರಿ."

ಆದ್ದರಿಂದ, ತಂಗಿ, ನಿನ್ನ ಕಿಟಕಿಯಿಂದ ಏನು ಕಾಣುತ್ತದೆ ಎಂದು ನಾನು ನಿನಗೆ ಬರೆಯುವಂತಿಲ್ಲ. ನನಗೆ ಗೊತ್ತಿಲ್ಲ. ಆ ಕುರ್ಚಿಯಲ್ಲಿ ಕೂತು ನೋಡಲು ನನಗೆ ಅನುಮತಿಯೂ ಇಲ್ಲ.

ನಿನ್ನ ಕೆಲಸದಲ್ಲಿ ಒಂದು ಲೋಪ ಮಾತ್ರ ಕಂಡುಬಂದಿದೆ. ಇಷ್ಟೆಲ್ಲ ಮಾಡಿ ಟವೆಲ್ ಹಾಕುವುದಕ್ಕೆ ಒಂದು ಕೊಕ್ಕೆ ಇಟ್ಟಿಲ್ಲ. ಅವಳು ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡೇ ಸ್ನಾನ ಮಾಡಿದಳಂತೆ, ಪೂರ್ತಿ ಒದ್ದೆ. ಬೇರೆ ಟವೆಲ್ ಕೊಡುವುದಕ್ಕೆ ನನ್ನನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಹೊಸ ವರ್ಷದ ರಜೆಗೆ ಬರುವಾಗ ಒಂದು ಕೊಕ್ಕೆ ತಾ. ಕುರ್ಚಿಯ ಬಲಗಡೆ, ಕೂತಲ್ಲಿಂದಲೇ ಕೈಗೆ ಸಿಗುವಷ್ಟು ಎತ್ತರಕ್ಕೆ. ಎಷ್ಟು ಎಂದು ಅವಳನ್ನೇ ಕೇಳು.

ನಿನ್ನ ಅಣ್ಣ,
ಭೀಮಸೇನ